ಬಿಸಿನೀರ ಹಂಡೆಯಲ್ಲಿ ಅಧ್ಯಕ್ಷರು

ಜನವರಿ 2, ಬೆಳಿಗ್ಗೆ

ಎಂದಿನಂತೆ ಏಳಕ್ಕೆ ಈಜುಕೊಳ. ಎಂದಿನಂತೆ ಈಜಲಿಲ್ಲ. ನೇರ ಬಿಸಿನೀರಿನ ಹಂಡೆಗೆ ಇಳಿದೆ. ಆರು ಜನ ಕುತ್ತಿಗೆಯವರೆಗೆ ಮುಳುಗಿ ಕೂರುವಷ್ಟು ದೊಡ್ಡ ಹಂಡೆ. ಮೇಲೆ ಕತ್ತಲು, ನಕ್ಷತ್ರ, ಹುಬ್ಬಿನ ಮೇಲೆ ಹಿಮದ ಪುಡಿ. ಕೆಳಗೆ ದೇಹ ಬೇಯುತ್ತಿದೆ. ಇಂಥ ಸ್ಥಿತಿಯಲ್ಲಿ ಮನುಷ್ಯನಿಗೆ ರಾಜಕೀಯವಲ್ಲದೆ ಬೇರೇನು ಹೊಳೆದೀತು?

ಇವತ್ತಂತೂ ಹಂಡೆ ಕೊತಕೊತ. ನಿನ್ನೆ ಹೊಸವರ್ಷದ ಭಾಷಣದ ಕೊನೆಗೆ ನಮ್ಮ ಅಧ್ಯಕ್ಷರು, ಮನೆಗೆ ಸುಣ್ಣ ಹೊಡೆಸುವ ಸಂಗತಿ ಹೇಳಿದಷ್ಟೇ ತಣ್ಣಗೆ, ಬೇಸಿಗೆಯ ಚುನಾವಣೆಗೆ ತಾವು ನಿಲ್ಲುವುದಿಲ್ಲ ಎಂದುಬಿಟ್ಟರು. ಇಡೀ ಐಸ್‌ಲ್ಯಾಂಡ್ ಹೊಗೆಯಾಡಿಸಿದ ಕುರಿಮಾಂಸವನ್ನು ಬಾಯಿಗೆ ಒಯ್ಯುವುದು ಬಿಟ್ಟು ಹಾಗೇ ಕೂತಿತು. ಜೂನ್‌ವರೆಗೆ ಬರೀ ಊಹೆ! ಇಂಥ ಚಳಿಗಾಲವನ್ನು ದೇವರು ಎಲ್ಲರಿಗೂ ಕೊಡುವುದಿಲ್ಲ.

ಕೇತಿಲ್ ಆಗಲೇ ಬಂದು ಮೂಲೆ ಹಿಡಿದಿದ್ದ. ಊರಿನ ಎಲೆಕ್ಟ್ರೀಷಿಯನ್. ಎಲ್ಲರ ಮನೆಯ ವೈರೂ ಗೊತ್ತು, ಆದ್ದರಿಂದ ದೇಶದ ವೈರೂ ಗೊತ್ತು ಎಂಬ ನಂಬಿಕೆ. ಎದುರಿಗೆ ಬೇರಾ, ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ದೇವರ ಮುಂದೆ ಸುಮ್ಮನಿರುತ್ತಾಳೆ. ಹಂಡೆಯಲ್ಲಿ ಇರುವುದಿಲ್ಲ.

"ಅಧ್ಯಕ್ಷ ಆಗೋಕೆ ಮೂರೇ ಕೆಲಸ ಬರಬೇಕು," ಅಂದ ಕೇತಿಲ್. "ಕೈ ಕುಲುಕಬೇಕು, ಗಿಡ ನೆಡಬೇಕು, ನಮ್ಮ ಭಾಷೆ ಉಳೀಬೇಕು ಅಂತ ಹೇಳಬೇಕು."

"ಹಂಗಾದ್ರೆ ನೀನೇ ನಿಲ್ಲು ಮಾರಾಯ," ಬೇರಾ.

"ಗಿಡ ನನ್ನ ಕೈಯಲ್ಲಿ ಬದುಕಲ್ಲ."

ಮೂರೂ ಜನ ಗಂಭೀರವಾಗಿ ಯೋಚಿಸಿದೆವು. ದೇಶದಲ್ಲಿ ಇರುವವರೇ ನಾಲ್ಕು ಲಕ್ಷಕ್ಕೆ ಕಡಿಮೆ. ಸಾವಿರದೈನೂರು ಸಹಿ ಸೇರಿಸಿದರೆ ಯಾರು ಬೇಕಾದರೂ ನಿಲ್ಲಬಹುದು. ಹೀಗಿರುವಾಗ ನಮ್ಮಲ್ಲಿ ಯಾರನ್ನೂ ನಂಬುವಂತಿಲ್ಲ. ಪಕ್ಕದ ಮನೆಯವನು ಹೊಸ ಕೋಟು ಹೊಲಿಸಿದರೆ ಅನುಮಾನ.

ಆಗ ಬೇರಾ ಈಜುಕೊಳದ ಕಡೆ ಗಲ್ಲ ಎತ್ತಿ ತೋರಿಸಿದಳು. ಆವಿಯ ಒಳಗೆ ನನ್ನ ಹೆಂಡತಿಯ ಕೆಂಪು ಟೋಪಿ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ.

"ನಿನ್ನ ವೇದೀಸ್ ಯಾಕಾಗಬಾರ್ದು, ಗ್ರೀಮುರ್?"

ನಕ್ಕೆ. ಒಂದು ಗುಟುಕು ನೀರು ಒಳಗೆ ಹೋಯಿತು. ಕ್ಲೋರಿನ್ ರುಚಿ ಇನ್ನೂ ಇದೆ.

ಜನವರಿ 5

ಬೇರಾಳ ಮಾತು ಮರೆತುಹೋಗಬೇಕಿತ್ತು. ಹೋಗಲಿಲ್ಲ. ಏಕೆ ಹೋಗಲಿಲ್ಲ ಎಂದು ಬರೆದು ನೋಡುವೆ.

ವೇದೀಸ್‌ಳ ಮುಖ ಯಾರಿಗೂ ಗೊತ್ತಿಲ್ಲ. ದನಿ ಗೊತ್ತಿಲ್ಲದವರಿಲ್ಲ. ಮೂವತ್ತು ವರ್ಷ ರೇಡಿಯೋದಲ್ಲಿ ಹವಾಮಾನ ಓದಿದಳು. ಬ್ಯರ್ಗ್‌ತಾಂಗರ್, ವಾಯವ್ಯದ ಗಾಳಿ, ಹಿಮ. ಗ್ರೀಮ್ಸೇ, ಮೋಡ. ದಾಲತಾಂಗಿ, ಮಂಜು... ಜಪಸರ ಎಣಿಸಿದ ಹಾಗೆ ದೇಶದ ಅಂಚನ್ನೆಲ್ಲ ಒಂದು ಸುತ್ತು ಸುತ್ತಿ ಬರುತ್ತಿದ್ದಳು. ಮಂತ್ರಿ "ಬಿರುಗಾಳಿ" ಎಂದರೆ ಜನ ಚಾನೆಲ್ ಬದಲಿಸುತ್ತಿದ್ದರು. ಅವಳು ಹೇಳಿದರೆ ದೋಣಿ ಎಳೆದು ಕಟ್ಟುತ್ತಿದ್ದರು.

ಆ ಮೂವತ್ತು ವರ್ಷ ಅವಳು ರಾಜಧಾನಿಯಲ್ಲಿ, ನಾನು ಇಲ್ಲಿ ಹೋಲ್ಮುರ್‌ನಲ್ಲಿ. ನನ್ನ ಕೆಲಸ ಕೊಲ್ಲಿ ದಾಟುವ ಫೆರಿಯ ಇಂಜಿನ್ ರೂಮಿನಲ್ಲಿ. ದಿನಾ ಆಚೆ ದಡಕ್ಕೆ ಹೋಗಿ ಈಚೆ ಬರುವುದು. ದಿನಾ ಪ್ರಯಾಣ ಮಾಡಿಯೂ ಎಲ್ಲಿಗೂ ಹೋಗದವನು. ಬೆಳಿಗ್ಗೆ ಕಾಫಿ ಕಾಯಿಸುತ್ತ ಅವಳ ದನಿ ಕೇಳುತ್ತಿದ್ದೆ. ದೇಶಕ್ಕೆಲ್ಲ ಹವಾಮಾನ, ನನಗೆ ಸಂಸಾರ. ವಾರಾಂತ್ಯಕ್ಕೆ ಮೈ ಸಮೇತ ಬರುತ್ತಿದ್ದಳು.

ಹೋದ ವರ್ಷದ ಹಿಂದಿನ ವರ್ಷ ನಿವೃತ್ತಿಯಾಗಿ ಬಂದಳು; ಅಷ್ಟರಲ್ಲಿ ನಾನೂ ಫೆರಿ ಬಿಟ್ಟಿದ್ದೆ. ಈಗ ದನಿಗೆ ಕೈ ಇದೆ, ಕಾಲುಚೀಲ ಇದೆ. ಓಟ್ಸ್ ಗಂಜಿಗೆ ನಾನು ಹಾಕುವ ಉಪ್ಪಿನ ಬಗ್ಗೆ ಅಭಿಪ್ರಾಯ ಇದೆ. ಮದುವೆಯಾಗಿ ಇಷ್ಟು ಕಾಲಕ್ಕೆ ಹೆಂಡತಿ ಮನೆಗೆ ಬಂದಿದ್ದಾಳೆ. ಅವಳನ್ನು ಮತ್ತೆ ಬೆಸ್ಸಾಸ್ಟಾಡಿರ್‌ನ ಅಧ್ಯಕ್ಷರ ಮನೆಗೆ ಕಳಿಸುವುದೇ?

ಇಲ್ಲ. ದೇಶ ಬೇರೆ ಯಾರನ್ನಾದರೂ ನೋಡಿಕೊಳ್ಳಲಿ.

ಜನವರಿ 16, ಹಂಡೆಯಿಂದ ಬಂದು

ಇವತ್ತಿನ ಊಹೆಗಳು. ಹಳೆಯ ಮಂತ್ರಿಯೊಬ್ಬ "ಇಲ್ಲ ಎಂದೂ ಹೇಳಲಾರೆ" ಎಂದಿದ್ದಾನೆ. ಅವನು ಮಂತ್ರಿಯಾಗಿದ್ದಾಗ ಹೌದು ಎಂದೂ ಹೇಳಿದವನಲ್ಲ. ಟಿವಿಯಲ್ಲಿ ಕಾಡ್ ಮೀನಿನ ತಲೆ ಬೇಯಿಸಿ ತೋರಿಸುವವನ ಹೆಸರೂ ತೇಲುತ್ತಿದೆ. ಕೇತಿಲ್‌ನ ಮನಸ್ಸು ಮಾತ್ರ ಪ್ರೊಫೆಸರ್ ಸ್ಟುರ್ಲಾನ ಕಡೆ. ಹಿಮನದಿಗಳ ವಿದ್ವಾಂಸ. ಹಿಮನದಿಯ ವೇಗದಲ್ಲೇ ಮಾತಾಡುತ್ತಾನೆ.

"ಅವನು ತೊಗಲು ಹೊದ್ದಿದ್ದಾನಂತೆ," ಅಂದ ಕೇತಿಲ್, ಗುಟ್ಟು ಹೇಳುವವನ ಹಾಗೆ.

"ಯಾರು ಹೊದ್ದಿಲ್ಲ ಹೇಳು," ಬೇರಾ ಮೂಗು ಮುರಿದಳು. "ದೇಶದಲ್ಲಿ ಕುರಿಗಳಿಗೇ ತೊಗಲು ಉಳಿದಿಲ್ಲ."

ಸಾವಿರ ವರ್ಷದ ಹಿಂದೆ, ಹಳೆಯ ದೇವರೋ ಹೊಸ ದೇವರೋ ಎಂದು ಜಗಳವಾದಾಗ, ನ್ಯಾಯ ಹೇಳುವ ಹಿರಿಯ ತೊಗಲು ಹೊದ್ದು ಒಂದು ಹಗಲು ಒಂದು ರಾತ್ರಿ ಮಲಗಿ, ಎದ್ದು ತೀರ್ಪು ಕೊಟ್ಟನಂತೆ. ಅಂದಿನಿಂದ ನಮ್ಮಲ್ಲಿ ಯೋಚನೆ ಮಾಡುವವರೆಲ್ಲ ತೊಗಲು ಹೊದ್ದವರೇ. ಒಂದೇ ವ್ಯತ್ಯಾಸ: ಅವನು ಎದ್ದ. ಇವರು ಹೊದಿಕೆಯ ಒಳಗಿಂದಲೇ ಸಂದರ್ಶನ ಕೊಡುತ್ತಾರೆ.

ಮನೆಗೆ ಬಂದರೆ ವೇದೀಸ್ ಸೋಫಾದ ಮೇಲೆ, ಕುರಿಯ ತುಪ್ಪಳವನ್ನು ಗಲ್ಲದವರೆಗೆ ಎಳೆದುಕೊಂಡು ಮಲಗಿದ್ದಾಳೆ. ಕಣ್ಣು ತೆರೆದಿದೆ. ಸೂರು ನೋಡುತ್ತಿದ್ದಾಳೆ.

ಬೂಟು ಬಿಚ್ಚದೆ ಒಳಗೆ ನಡೆದೆ.

"ಏನೇ ಇದು?"

"ಚಳಿ," ಅಂದಳು.

ಹೀಟರ್ ಮುಟ್ಟಿ ನೋಡಿದೆ. ಸುಡುತ್ತಿತ್ತು.

ಜನವರಿ 28

ವೇದೀಸ್‌ಗೆ ಫೋನ್ ಶುರುವಾಗಿದೆ. ಲಾಂಗನೆಸ್‌ನ ಒಬ್ಬ ಮೀನುಗಾರ. "ನಿಮ್ಮ ದನಿ ಕೇಳಿ ನಾನು ಆ ದಿನ ಸಮುದ್ರಕ್ಕಿಳೀಲಿಲ್ಲ, ಅದಕ್ಕೇ ಇವತ್ತು ಫೋನ್ ಮಾಡೋಕೆ ಬದುಕಿದ್ದೀನಿ," ಅಂದನಂತೆ. ಆಮೇಲೆ ಒಂದು ಹೆಣಿಗೆ ಸಂಘ. ಆಮೇಲೆ ಯಾರೋ ಹುಡುಗಿ, ಬರೀ ಅತ್ತು ಫೋನ್ ಇಟ್ಟಳಂತೆ.

ನಿನ್ನೆ ಊರಿನ ಚಳಿಗಾಲದ ಔತಣ. ಹುಳಿ ಬಂದ ಕುರಿಮಾಂಸ, ಕೊಳೆಸಿದ ಶಾರ್ಕ್, ಗಂಟಲು ಸುಡುವ ಬ್ರೆನ್ನಿವಿನ್. ಎರಡನೇ ಸುತ್ತಿಗೆ ಮೇಯರ್ ಎದ್ದು ನಿಂತು "ನಮ್ಮೂರಿನ ದನಿಗೆ!" ಎಂದು ಗ್ಲಾಸ್ ಎತ್ತಿದ. ಎಲ್ಲರೂ ಎದ್ದರು. ನಾನೂ ಎದ್ದೆ. ಏಳದಿದ್ದರೆ ಕಾಣುತ್ತಿತ್ತು.

ನಡೆದು ಮನೆಗೆ ಬರುವಾಗ ವೇದೀಸ್ ನನ್ನ ತೋಳು ಹಿಡಿದಿದ್ದಳು. ಬಂದರಿನ ಮೇಲೆ ಧ್ರುವಪ್ರಭೆಯ ಹಸಿರು ಬೆಳಕು ಪರದೆ ಹಾಗೆ ಅಲ್ಲಾಡುತ್ತಿತ್ತು. ಬೂಟಿನಡಿ ಹಿಮ ಕರಕರ.

"ಗ್ರೀಮುರ್, ನೀನೇನಂತೀಯ?"

"ಅಧ್ಯಕ್ಷರ ಮನೇಲಿ ಅಡುಗೆಮನೆ ಎಲ್ಲಿದೆ ಅಂತ ಮೊದ್ಲು ವಿಚಾರಿಸು. ನಡುರಾತ್ರಿ ಹಸಿವಾದ್ರೆ ಕಾವಲುಗಾರನ್ನ ಎಬ್ಬಿಸಬೇಕಾ ಅಂತ."

ನಕ್ಕಳು. ಅರ್ಧ.

ತೋಳು ಬಿಡಲಿಲ್ಲ. ಅಷ್ಟೇ ಸಮಾಧಾನ.

ಫೆಬ್ರವರಿ 3, ಬೆಳಿಗ್ಗೆ, ಹಾಸಿಗೆಯಲ್ಲೇ

ಕನಸು. ಬೆಸ್ಸಾಸ್ಟಾಡಿರ್‌ನ ದೊಡ್ಡ ಹಾಲ್. ನೆಲದ ಮೇಲೆಲ್ಲ ಹುಲ್ಲು ಬೆಳೆದಿದೆ, ಹೊರದೇಶದ ರಾಯಭಾರಿಗಳು ಸಾಲಾಗಿ ಕೂತು ಮೇಯುತ್ತಿದ್ದಾರೆ. ಬಹಳ ಶಿಸ್ತು. ವೇದೀಸ್ ಎತ್ತರದ ಕುರ್ಚಿಯಲ್ಲಿ ಕೂತು ನನ್ನ ಹವಾಮಾನ ಓದುತ್ತಿದ್ದಾಳೆ: "ಗ್ರೀಮುರ್. ದಟ್ಟ ಮೋಡ. ದೃಷ್ಟಿ ಹತ್ತು ಮೀಟರ್. ಒತ್ತಡ ಇಳಿಯುತ್ತಿದೆ." ನಾನು "ಇಲ್ಲ, ಏರ್ತಿದೆ!" ಎಂದು ಕೂಗುತ್ತೇನೆ. ದನಿ ಹೊರಡುವುದಿಲ್ಲ. ರಾಯಭಾರಿಯೊಬ್ಬ ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ಮೇಯತೊಡಗಿದ.

ಎಚ್ಚರಾದಾಗ ಪಕ್ಕದಲ್ಲಿ ಇದ್ದಳು. ಉಸಿರು ಕೇಳುತ್ತ ಸ್ವಲ್ಪ ಹೊತ್ತು ಮಲಗಿದ್ದೆ. ಅಡಚಣೆಯಿಲ್ಲದ ಸ್ವಚ್ಛ ಪ್ರಸಾರ.

ಫೆಬ್ರವರಿ 12, ಕ್ರೀಮ್ ಬನ್ ಸೋಮವಾರ

ದೇಶಕ್ಕೆ ದೇಶವೇ ಕ್ರೀಮ್ ಬನ್ ತಿನ್ನುವ ದಿನ. ಬೇಕರಿಯ ಮುಂದೆ ಕತ್ತಲಲ್ಲೇ ಸಾಲು. ಸಾಲಿನಲ್ಲೂ ಅದೇ ಊಹೆ. ಮೀನಿನ ತಲೆಯವನು ನಿಲ್ಲುತ್ತಾನಂತೆ, ಹಳೆಯ ಮಂತ್ರಿ ಇನ್ನೂ ಹೊದ್ದಿದ್ದಾನಂತೆ. ನನ್ನ ಹಿಂದಿದ್ದವಳು ಕೇಳಿದಳು: "ವೇದೀಸ್ ಎದ್ದಳಾ?"

"ಏಳಕ್ಕೇ ಎದ್ಲು. ಈಜ್ತಿದ್ದಾಳೆ."

"ಅಯ್ಯೋ, ಅದಲ್ಲ ಕಣೋ."

ಮನೆಯಲ್ಲಿ ನಾಲ್ಕು ಬನ್ ಇಟ್ಟು ಕೂತೆವು. ಮೇಲ್ತುಟಿಗೆ ಕ್ರೀಮ್ ಅಂಟಿದ ಭಾವೀ ಅಧ್ಯಕ್ಷೆಯನ್ನು ದೇಶ ನೋಡಿಲ್ಲ, ನಾನು ನೋಡಿದ್ದೇನೆ.

"ನಾನು ನಿನ್ನ ಹತ್ರ ಒಂದು ಮಾತು ಕೇಳ್ಬೇಕು," ಅಂದಳು.

"ಕೊನೇ ಬನ್ ನಿಂಗೇ."

ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ಕಿಟಕಿಯಾಚೆ ಕೊಲ್ಲಿ ಬೆಳ್ಳಗೆ, ಆಕಾಶ ಬೆಳ್ಳಗೆ, ನಡುವೆ ಗೆರೆಯೇ ಇಲ್ಲ. ಕೊನೆಯ ಬನ್ ಹಾಗೇ ಉಳಿಯಿತು. ಮಧ್ಯಾಹ್ನ ನಾನೇ ತಿಂದೆ. ರುಚಿಸಲಿಲ್ಲ. ಮುಗಿಸಿದೆ.

ಮಾರ್ಚ್ 3

ಹಲವು ದಿನ ಏನೂ ಬರೆಯಲಿಲ್ಲ. ಬರೆಯಲು ಹೊಸದೇನೂ ಇರಲಿಲ್ಲ: ಫೋನ್, ಹಿಮ, ಫೋನ್.

ಈಗ ಇದೆ. ಸಹಿ ಸಂಗ್ರಹ ಶುರುವಾಗಿದೆ. ಮನೆಯಲ್ಲೇ ಕೂತು ಕಂಪ್ಯೂಟರ್‌ನಲ್ಲಿ ಬೆಂಬಲ ಸೂಚಿಸಬಹುದಂತೆ. ಪ್ರೊಫೆಸರ್ ಸ್ಟುರ್ಲಾ ಹೊದಿಕೆ ಕಿತ್ತೊಗೆದು ಎದ್ದೇಬಿಟ್ಟಿದ್ದಾನೆ. ಕೇತಿಲ್‌ಗೆ ಹಂಡೆಯಲ್ಲಿ ಕುಣಿದಾಡುವಷ್ಟು ಸಂತೋಷ. ಹಂಡೆಯಲ್ಲಿ ಕುಣಿಯಲು ಆಗುವುದಿಲ್ಲ, ಉಬ್ಬಿದ.

ನಾನೊಂದು ಉಪಾಯ ಮಾಡಿದೆ. ಉಪಾಯ ಎನ್ನಲೂ ನಾಚಿಕೆ. ಪ್ರೊಫೆಸರ್‌ಗೆ ಬೇಗ ಬೇಗ ಸಹಿ ಬಂದರೆ "ಇವನೇ ಗೆಲ್ಲುವವನು" ಎಂಬ ಹವಾ ಏಳುತ್ತದೆ. ಆ ಹವಾ ಎದ್ದರೆ ವೇದೀಸ್ ತುಪ್ಪಳ ಮಡಚಿಟ್ಟು "ಸರಿ, ಬೇಕಾದವನು ಸಿಕ್ಕಿದ" ಎನ್ನುತ್ತಾಳೆ. ದೇಶಕ್ಕೆ ಹಿಮನದಿ, ನನಗೆ ಹೆಂಡತಿ.

ಅವಳು ಈಜಲು ಹೋದ ಮೇಲೆ ಕೂತೆ. ಕನ್ನಡಕ ಸಿಗಲಿಲ್ಲ. ಪೇಜ್ ತೆರೆಯಿತು. ಒಂದು ದೊಡ್ಡ ನೀಲಿ ಬಟನ್. ಒತ್ತಿದೆ. ಹೆಸರು ಕೇಳಿತು, ಕೊಟ್ಟೆ. ಖಚಿತವೇ ಎಂದಿತು, ಖಚಿತ ಎಂದೆ. ಧನ್ಯವಾದ ಎಂದಿತು. ಇಷ್ಟು ಮರ್ಯಾದೆಯ ಕಂಪ್ಯೂಟರ್ ನಾನು ಕಂಡಿಲ್ಲ.

ಕಳ್ಳನಿಗೆ ಕೂಡ ಇಷ್ಟು ಹಗುರ ಅನಿಸುತ್ತದೋ ಏನೋ.

ಮಾರ್ಚ್ 4, ಬೆಳಿಗ್ಗೆ

ಹಂಡೆಗೆ ಇಳಿಯುತ್ತಿದ್ದ ಹಾಗೆ ಕೇತಿಲ್ ಎದ್ದು ನಿಂತ. ಎದೆಯಿಂದ ನೀರು ಸುರಿಯುತ್ತಿದೆ. ಕೈ ಚಾಚಿದ.

"ಮಾನ್ಯ ಅಧ್ಯಕ್ಷರೇ."

"ಯಾರೋ?"

"ನೀನೇ ಕಣಯ್ಯ. ಕ್ಯಾಂಡಿಡೇಟುಗಳ ಸಾಲಿನಲ್ಲಿ ನಿನ್ನ ಹೆಸರಿದೆ. ಮೀನಿನ ತಲೆಯವನ ಕೆಳಗೆ, ಯಾರೋ ಯೋಗ ಟೀಚರ್‌ನ ಮೇಲೆ."

ಬೇರಾ ನಗುತ್ತ ಮುಳುಗಿ, ಎದ್ದು, ಮತ್ತೆ ಮುಳುಗಿದಳು. ಆಮೇಲೆ ವಿವರಿಸಿದಳು. ಆ ನೀಲಿ ಬಟನ್ ಬೆಂಬಲ ಕೊಡುವವರದ್ದಲ್ಲ. ಚುನಾವಣೆಗೆ ನಿಲ್ಲುವವರದ್ದು. ಬೆಂಬಲದ್ದು ಕೆಳಗಿತ್ತಂತೆ, ಸಣ್ಣದು. ನನ್ನ ಹಾಗೆ ಸುಮಾರು ಜನ ಒತ್ತಿದ್ದಾರಂತೆ. ಬೆಳಗಿನ ರೇಡಿಯೋದಲ್ಲಿ ನಗುತ್ತ ಹೇಳಿದರಂತೆ. ದೇಶದಲ್ಲಿ ಗೊತ್ತಿಲ್ಲದೆ ಅಧ್ಯಕ್ಷ ಪದವಿಗೆ ನಿಂತವರು ಗೊತ್ತಿದ್ದು ನಿಂತವರಿಗಿಂತ ಜಾಸ್ತಿ!

"ತೆಗೆದುಹಾಕ್ತೀನಿ."

"ಅಯ್ಯೋ ಬೇಡ ಮಾರಾಯ," ಬೇರಾ. "ನಾವಿಬ್ರೂ ಆಗಲೇ ಬೆಂಬಲ ಕೊಟ್ಟಾಯ್ತು. ಬೇಕರಿಯವಳೂ ಕೊಟ್ಲು."

"ಪ್ರೊಫೆಸರ್‌ಗೆ ಕೊಡಲ್ವೇನೋ ನೀನು?"

"ಒಬ್ರಿಗೇ ಕೊಡೋಕಾಗೋದು," ಅಂದ ಕೇತಿಲ್, ಸ್ವಲ್ಪ ಬಾಡಿ. "ನಗು ಬಂತು, ಒತ್ತಿಬಿಟ್ಟೆ. ಈಗ ಪ್ರೊಫೆಸರ್‌ಗೆ ಒಂದು ಕಮ್ಮಿ."

ಅಂತೂ ನನ್ನ ಉಪಾಯದಿಂದ ಪ್ರೊಫೆಸರ್ ಮುಂದೆ ಹೋಗಲಿಲ್ಲ, ಹಿಂದೆ ಸರಿದ. ರಾಜಕೀಯದಲ್ಲಿ ನನ್ನ ಮೊದಲ ಹೆಜ್ಜೆ.

ಅದೇ ದಿನ, ಹನ್ನೊಂದು ಗಂಟೆ

ಫೋನ್. ವೇದೀಸ್‌ಗೆ ಎಂದುಕೊಂಡು ಎತ್ತಿದೆ. ಪತ್ರಿಕೆಯ ಹುಡುಗಿ. ನಾನೇ ಬೇಕಂತೆ.

"ನಿಮ್ಮ ಹೆಂಡತಿ ನಿಲ್ತಾರೆ ಅನ್ನೋ ಸುದ್ದಿ ಇದೆ. ಅವರ ವಿರುದ್ಧ ನಿಲ್ಲೋಕೆ ಏನು ಕಾರಣ?"

ತಪ್ಪಾಗಿ ಒತ್ತಿದೆ ಎಂದು ಹೇಳಬಹುದಿತ್ತು. ಹಾಗಾದರೆ ಯಾರಿಗೆ ಒತ್ತಲು ಹೋಗಿದ್ದಿರಿ ಎಂದು ಕೇಳುವಳು.

"ನಾನು... ತೊಗಲು ಹೊದ್ದಿದ್ದೀನಿ," ಅಂದೆ.

ಬರೆದುಕೊಂಡಳು. ಪೆನ್ನಿನ ಸದ್ದು ಕೇಳಿಸಿತು.

ಮಾರ್ಚ್ 5

ಬೆಳಿಗ್ಗೆ ಒಲೆಯ ಮೇಲೆ ಗಂಜಿ. ವೇದೀಸ್ ಮೀನಂಗಡಿಯಿಂದ ಬಂದಳು. ಹ್ಯಾಡಕ್ ಮೀನನ್ನು ಸಿಂಕಿನಲ್ಲಿಟ್ಟಳು. ಕೋಟು ಬಿಚ್ಚಲಿಲ್ಲ.

"ನೀನೂ ನಿಂತಿದ್ದೀಯಂತೆ."

"ತಪ್ಪಾಗಿ ಒತ್ತಿಬಿಟ್ಟೆ ಕಣೇ."

"ಅದು ಗೊತ್ತು. ಎದುರಿನ ಬೀದಿಗೆ ಹೋಗೋಕೇ ನಿಂಗೆ ಮನಸ್ಸಿಲ್ಲ, ಇನ್ನು ಬೆಸ್ಸಾಸ್ಟಾಡಿರ್‌ಗೆ ಹೋಗ್ತೀಯಾ? ಯಾರಿಗೆ ಒತ್ತೋಕೆ ಹೋಗಿದ್ದೆ?"

ಮೂರು ಜೋಕು ಸಿದ್ಧ ಇತ್ತು. ಮೂರೂ ಕೈಕೊಟ್ಟವು.

"ಪ್ರೊಫೆಸರ್‌ಗೆ."

"ಅವನ ಭಾಷಣ ಕೇಳ್ತಾ ನೀನು ನಿದ್ದೆ ಹೋದೆ."

"ಅವನು ಗೆದ್ರೆ ನೀನು ಇಲ್ಲೇ ಇರ್ತೀಯ."

ಇಷ್ಟು ನೇರವಾಗಿ ನಾನು ಇಂಜಿನ್ ಬಿಟ್ಟು ಬೇರೆ ಯಾರ ಜೊತೆಗೂ ಮಾತಾಡಿದವನಲ್ಲ. ಗಂಜಿ ತಳ ಹಿಡಿಯುವ ವಾಸನೆ. ಇಬ್ಬರೂ ಹೋಗಿ ಕೆಳಗಿಳಿಸಲಿಲ್ಲ.

ಕುರ್ಚಿ ಎಳೆದು ಕೂತಳು. ಹವಾಮಾನ ಓದುವ ದನಿಯಲ್ಲ. ಅದಕ್ಕಿಂತ ಸಣ್ಣ ದನಿ.

"ನಿಲ್ಲಲಾ ಬೇಡ್ವಾ ಅಂತ ನಾನು ನಿನ್ನ ಯಾವತ್ತೂ ಕೇಳಿಲ್ಲ, ಗ್ರೀಮುರ್. ಅದು ಜನವರೀಲೇ ತೀರ್ಮಾನ ಮಾಡಿದ್ದೆ. ನಿಲ್ತೀನಿ. ನೀನು ಜೊತೆಗೆ ಬರ್ತೀಯಾ ಅಂತ ಕೇಳೋಕೆ ಬಾಯಿ ತೆಗೆದಾಗೆಲ್ಲ ಒಂದು ಬನ್ನು, ಇಲ್ಲಾ ಒಂದು ಜೋಕು ತಂದು ತುರುಕಿದೆ."

"ನಾನು ಅಲ್ಲಿಗೆ ಬಂದು ಏನು ಮಾಡ್ಲಿ?"

"ಪ್ರತಿ ಶುಕ್ರವಾರ ನಾನು ಇಲ್ಲಿಗೆ ಬಂದು ಏನು ಮಾಡ್ದೆ? ಬೆಟ್ಟದ ದಾರೀಲಿ ಬಿರುಗಾಳಿ, ಯಾರೂ ಹೊರಡಬೇಡಿ ಅಂತ ದೇಶಕ್ಕೆಲ್ಲ ನಾನೇ ಓದಿ ಹೇಳ್ತಿದ್ದೆ. ಮೈಕ್ ಆಫ್ ಮಾಡಿ, ಕಾರು ಹತ್ತಿ, ಅದೇ ದಾರೀಲಿ ಬರ್ತಿದ್ದೆ. ನೀನು ಒಂದೇ ಒಂದು ಶುಕ್ರವಾರ ಆ ಕಡೆಗೆ ಬರ್ಲಿಲ್ಲ."

"ಫೆರಿ ಇತ್ತಲ್ಲೇ..."

"ಫೆರಿಗೆ ಭಾನುವಾರ ರಜೆ ಇತ್ತು," ಅಂದಳು. ಎದ್ದು ಒಲೆ ಆರಿಸಿದಳು. "ಈಗ ನಿಂಗೆ ಫೆರಿ ಕೆಲಸವೂ ಇಲ್ಲ. ಯೋಚನೆ ಮಾಡು. ಆದ್ರೆ ದಯವಿಟ್ಟು ಏನೂ ಹೊದ್ಕೋಬೇಡ."

ಹ್ಯಾಡಕ್ ಮೀನು ಸಿಂಕಿನಿಂದ ನನ್ನನ್ನೇ ನೋಡುತ್ತಿತ್ತು.

ಮಾರ್ಚ್ 6

ನನ್ನ ಹೆಸರು ತೆಗೆಸಿದೆ. ಕನ್ನಡಕ ಹಾಕಿಕೊಂಡು. ಆಮೇಲೆ ಸಣ್ಣ ಬಟನ್ ಹುಡುಕಿ ವೇದೀಸ್‌ಗೆ ಬೆಂಬಲ ಕೊಟ್ಟೆ. ನಿನ್ನೆ ಸಂಜೆ ಅವಳೂ ನೋಂದಾಯಿಸಿಕೊಂಡಿದ್ದಾಳೆ. ಕಂಪ್ಯೂಟರ್ ಧನ್ಯವಾದ ಎಂದಿತು. ಈ ಸಲ ಆ ಮರ್ಯಾದೆ ನನಗೆ ಹತ್ತಲಿಲ್ಲ. ಬಟನ್ ಒತ್ತುವುದು ಸುಲಭ. ಅವಳು ಕೇಳಿದ್ದು ಅದನ್ನಲ್ಲ.

ಮಾರ್ಚ್ 22

ಅವಳು ಪೂರ್ವದ ಕಡೆ ಹೋಗಿದ್ದಾಳೆ, ಸಹಿಗೆ. ಎಲ್ಲ ದಿಕ್ಕಿನಿಂದಲೂ ಇಂತಿಷ್ಟು ಬೇಕಂತೆ. ನಾನು ಇಲ್ಲಿ. ಬೆಳಿಗ್ಗೆ ರೇಡಿಯೋ ಹಾಕಿದೆ. ಬೇರೆ ಯಾರೋ ಹುಡುಗ ಹವಾಮಾನ ಓದುತ್ತಾನೆ, ದಾಲತಾಂಗಿಗೆ ಬಸ್ಸು ತಪ್ಪುತ್ತದೇನೋ ಎಂಬಂತೆ. ಆರಿಸಿದೆ. ಮನೆ ಎಷ್ಟು ದೊಡ್ಡದು ಎಂದು ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆದು ನೋಡಿದೆ. ದೊಡ್ಡದೇನಲ್ಲ.

ಹಂಡೆಯಲ್ಲಿ ಕೇತಿಲ್: "ನೀನು ಯಾಕೆ ಜೊತೆಗೆ ಹೋಗ್ಲಿಲ್ಲ?"

"ಮೊಣಕಾಲು."

"ಮೊಣಕಾಲಿಗೆ ಕಾರಲ್ಲಿ ಕೂತ್ಕೊಳ್ಳೋಕೆ ಏನು ಕಷ್ಟ?" ಬೇರಾ.

ಗಲ್ಲದವರೆಗೆ ಮುಳುಗಿದೆ. ಆವಿ ದಟ್ಟವಾಗಿತ್ತು, ಕೃಪೆ. ಬೇರಾಳ ದನಿ ಆಚೆಯಿಂದ ಬಂತು, ಎಂದಿನ ಮೊನೆ ಇಲ್ಲದೆ:

"ನನ್ನ ಗಂಡ ಆರ್ಗನ್ ಕೇಳೋಕೆ ಒಂದು ದಿನವೂ ಚರ್ಚಿಗೆ ಬರ್ಲಿಲ್ಲ. ಮನೇಲೇ ಕೇಳ್ಸತ್ತೆ ಅಂತಿದ್ದ. ಕೇಳ್ಸೋದೇನೋ ಹೌದು..."

ಕೇತಿಲ್ ಕೂಡಲೇ ಹಳೆಯ ಮಂತ್ರಿಯ ವಿಷಯ ಎತ್ತಿದ. ಒಳ್ಳೆಯ ಮನುಷ್ಯ.

ಏಪ್ರಿಲ್ 1

ನಿನ್ನೆ ಈಸ್ಟರ್. ವೇದೀಸ್ ಹಬ್ಬಕ್ಕೆ ಬಂದಿದ್ದಾಳೆ. ಮುಖ ಸೊರಗಿದೆ, ಕಣ್ಣು ಹೊಳೆಯುತ್ತಿದೆ. ದಕ್ಷಿಣ, ಪೂರ್ವ, ಉತ್ತರ ಮುಗಿಯಿತಂತೆ. ಪಶ್ಚಿಮದಲ್ಲಿ ಇನ್ನೂ ಕಡಿಮೆ. ಕೊಲ್ಲಿಯಾಚೆ, ಬೆಟ್ಟಗಳ ನಡುವೆ ಸಮುದ್ರ ನುಗ್ಗಿದ ಫ್ಯೋರ್ಡುಗಳ ಜನ ಕಂಪ್ಯೂಟರ್ ನಂಬುವುದಿಲ್ಲ, ಮುಖ ನೋಡಿ ಕಾಗದದ ಮೇಲೆ ಸಹಿ ಹಾಕುವವರು. ನಾಡಿದ್ದು ಫೆರಿ ಹತ್ತುತ್ತಾಳೆ.

ಮತ್ತೆ ಕೇಳಲಿಲ್ಲ. ಕೇಳದೇ ಇರುವುದು ಇಷ್ಟು ಗಟ್ಟಿಯಾಗಿ ಕೇಳಿಸುತ್ತದೆಂದು ಗೊತ್ತಿರಲಿಲ್ಲ.

ಚಾಕ್‌ಲೇಟ್ ಮೊಟ್ಟೆ ಒಡೆದು ತಿಂದೆವು. ಒಳಗಿನ ಚೀಟಿಯಲ್ಲಿ ಯಾವುದೋ ಗಾದೆ. ನೋಡದೆ ಒಲೆಗೆ ಹಾಕಿದೆ. ಗಾದೆಗಳಿಂದ ಉಪದೇಶ ಪಡೆಯುವ ವಯಸ್ಸಲ್ಲ.

ಏಪ್ರಿಲ್ 3, ಫೆರಿಯ ಮೇಲೆ

ಅಕ್ಷರ ನಡುಗುತ್ತಿದೆ. ಚಳಿಗಲ್ಲ, ಇಂಜಿನ್‌ಗೆ. ಮೇಲಿನ ಡೆಕ್ಕಿನಲ್ಲಿ ಕೂತರೆ ಅದು ಹೀಗೆ ನಡುಗಿಸುತ್ತದೆಂದು ಕೆಳಗಿದ್ದ ನನಗೆ ಯಾರೂ ಹೇಳಿರಲಿಲ್ಲ.

ಆದದ್ದು ಇಷ್ಟು. ಬೆಳಿಗ್ಗೆ ಹಂಡೆಯಿಂದ ಬಂದರೆ ಅವಳ ಕಾರು ಇರಲಿಲ್ಲ. ಬಂದರಿಗೆ ಹೋಗಿಯಾಗಿತ್ತು. ಬೀಳ್ಕೊಡೋಣ ಎಂದು ನಡೆದೆ. ಬೀಳ್ಕೊಡುವುದರಲ್ಲಿ ನನಗೆ ಅನುಭವವಿದೆ. ಕಾರುಗಳ ಸಾಲು ಒಂದೊಂದಾಗಿ ಹಡಗಿನ ಬಾಯೊಳಗೆ ಹೋಗುತ್ತಿತ್ತು. ಅವಳು ಸ್ಟೀರಿಂಗ್ ಹಿಡಿದು ನೇರ ಮುಂದಕ್ಕೆ ನೋಡುತ್ತಿದ್ದಳು. ಪಕ್ಕದ ಸೀಟಿನ ಮೇಲೆ ಥರ್ಮಾಸ್ ಫ್ಲಾಸ್ಕ್. ಅದಕ್ಕೆ ಸೀಟ್‌ಬೆಲ್ಟ್ ಹಾಕಿದ್ದಳು.

ಫ್ಲಾಸ್ಕಿಗೆ ಬೆಲ್ಟ್!

ಕಾಲು ತಾನಾಗಿ ಹೋಯಿತು. ಮೊಣಕಾಲು ಚಕಾರವೆತ್ತಲಿಲ್ಲ. ಸೇತುವೆ ಹಲಗೆಯ ಬಳಿ ಟಿಕೆಟ್ ನೋಡುವವನು ನನ್ನ ಹಳೆಯ ಪರಿಚಯ.

"ಗ್ರೀಮುರ್! ಇಂಜಿನ್ ಕೆಟ್ಟಿದೆಯಾ? ಯಾರೂ ಹೇಳ್ಲಿಲ್ವಲ್ಲ?"

"ಇಲ್ಲ. ಆಚೆ ಕಡೆ ಹೋಗ್ತಿದ್ದೀನಿ."

"ಹೋಗಿ?"

"ಇಳೀತೀನಿ."

ಅವನು ಬಾಯಿ ಬಿಟ್ಟು ನಿಂತ. ಕಾರಿನ ಬಾಗಿಲು ತೆರೆದೆ. ವೇದೀಸ್ ನೋಡಿದಳು. ನನ್ನ ಒದ್ದೆ ಕೂದಲು, ಕೈಯಲ್ಲಿ ಟವೆಲ್ ಚೀಲ. ಬೇರೇನೂ ಇಲ್ಲ. ಫ್ಲಾಸ್ಕಿನ ಬೆಲ್ಟ್ ಬಿಚ್ಚಿ, ಅದನ್ನು ನನ್ನ ತೊಡೆಯ ಮೇಲಿಟ್ಟಳು.

ಈಗ ದ್ವೀಪಗಳು ಒಂದೊಂದಾಗಿ ಮಂಜಿನಿಂದ ಎದ್ದು ಬಂದು, ನಮ್ಮನ್ನು ನೋಡಿ, ಮತ್ತೆ ಮಲಗುತ್ತಿವೆ. ಇಷ್ಟು ವರ್ಷ ಇವುಗಳ ಪಕ್ಕದಲ್ಲೇ ಹಾದುಹೋದೆ. ಇಂಜಿನ್ ರೂಮು ಕಿಟಕಿಯಿಲ್ಲದ ಕೋಣೆ. ಇವೆಲ್ಲ ಇಲ್ಲೇ ಇದ್ದವೇ?

ಏಪ್ರಿಲ್ 4, ಕೊಲ್ಲಿಯಾಚೆ, ಶಾಲೆಯ ಹಾಲ್‌ನಲ್ಲಿ, ಸಂಜೆ

ನನ್ನ ಬಳಿ ಇರುವುದು ಟವೆಲ್ ಮತ್ತು ಚಡ್ಡಿ. ಆದ್ದರಿಂದ ಅನ್ಯ ಊರಿನಲ್ಲಿ ನಾನು ಹೋಗಬಹುದಾದ ಜಾಗ ಒಂದೇ.

ಇಲ್ಲಿಯ ಹಂಡೆ ಬೆಟ್ಟದ ಬುಡದಲ್ಲಿ, ಫ್ಯೋರ್ಡಿನ ನೀರಿನ ಪಕ್ಕ. ಹಿಮ ದಪ್ಪ ಎಸಳುಗಳಾಗಿ, ಗಾಳಿಯಿಲ್ಲದೆ, ನೇರ ನೀರಿಗೆ ಬಿದ್ದು ಸುಮ್ಮನೆ ಮಾಯವಾಗುತ್ತಿತ್ತು. ಆವಿಯಲ್ಲಿ ಇಬ್ಬರು. ದೊಡ್ಡ ಕಿವಿಯ ಒಬ್ಬ ಮುದುಕ, ಉಣ್ಣೆ ಟೋಪಿಯ ಒಬ್ಬ ಹೆಂಗಸು. ಹೊಸಬನಿಗೆ ಜಾಗ ಬಿಟ್ಟು, ತಮ್ಮ ಮಾತು ಮುಂದುವರಿಸಿದರು. ಯಾವ ಮಾತು ಎಂದು ಬರೆಯಬೇಕೇ?

"ಹವಾಮಾನದವಳು ಬಂದಿದ್ದಾಳಂತೆ. ಸಂಜೆ ಶಾಲೇಲಿ ಕಾಫಿ."

"ಅವಳಿಗೆ ಸಹಿ ಹಾಕೋಕೆ ಭಯ ಕಣಮ್ಮ. ಅವಳು ಬಾಯಿ ಬಿಟ್ಟಾಗೆಲ್ಲ ನಮ್ಮ ದಾರಿ ಮುಚ್ತಿತ್ತು."

"ಗಾಳಿ ಮಾಡಿದವಳು ಅವಳೇನೋ? ಹೇಳಿದವಳು ಅಷ್ಟೇ. ಹೇಳದೇ ಇದ್ದಿದ್ರೆ ನೀನು ಎಲ್ಲಿರ್ತಿದ್ದೆ?"

"ಅದೂ ಹೌದು." ಮುದುಕ ಕಿವಿ ತೊಳೆದುಕೊಂಡ. "ಆದ್ರೆ ಪಾಪ, ಒಂಟಿ. ಗಂಡ ಒಬ್ಬ ಇದ್ದಾನಂತಲ್ಲ, ತಪ್ಪಾಗಿ ತಾನೇ ಅಧ್ಯಕ್ಷಗಿರಿಗೆ ನಿಂತವನು..."

"ಹಾಂ, ತೊಗಲು ಹೊದ್ದಿದ್ದೀನಿ ಅಂದನಲ್ಲ, ಅವನೇ!"

"ಅವನೇ. ಊರು ಬಿಟ್ಟು ಕದಲಲ್ವಂತೆ. ಹೆಂಡತಿ ಅಧ್ಯಕ್ಷೆ ಆದ್ರೂ ಬರೋ ಆಸಾಮಿ ಅಲ್ಲ ಬಿಡು."

"ಬಂದಿದ್ದಾನೆ," ಅಂದೆ.

ಇಬ್ಬರೂ ತಿರುಗಿದರು. ಆವಿಯಲ್ಲಿ ಯಾರಿಗೂ ಯಾರ ಮುಖವೂ ನೆಟ್ಟಗೆ ಕಾಣದು.

"ಎಲ್ಲಿ? ನೀನು ನೋಡಿದ್ಯಾ?"

"ಇಲ್ಲೇ. ನೀರಲ್ಲಿ ಕೂತಿದ್ದಾನೆ."

ಮುದುಕನ ಕಿವಿ ಕೆಂಪಾದವು, ಬಿಸಿನೀರಿಗೋ ನಾಚಿಕೆಗೋ. ಹೆಂಗಸು ಬಾಯಿಗೆ ಕೈ ಹಿಡಿದು ನಗತೊಡಗಿದಳು. ಒದ್ದೆ ಕೈ ಚಾಚಿದೆ. ಇಬ್ಬರೂ ಕುಲುಕಿದರು. ಮುದುಕ ಸಂಜೆ ಬರುತ್ತೇನೆ ಎಂದ, ಕಾಫಿ ಗಟ್ಟಿಯಾಗಿದ್ದರೆ ಸಹಿಯನ್ನೂ ಹಾಕುತ್ತೇನೆ ಎಂದ.

ಕಾಫಿಯನ್ನು ನಾನೇ ಮಾಡಿದ್ದೇನೆ. ಗಟ್ಟಿಯಾಗಿದೆ. ಕುರ್ಚಿಗಳನ್ನೂ ನಾನೇ ಹಾಕಿದ್ದು. ನಾಲ್ಕು ಸಾಲು, ಇಷ್ಟು ಜನ ಎಲ್ಲಿಂದ ಬರುತ್ತಾರೆ ಎಂದು ಗೊಣಗುತ್ತ. ಈಗ ನೋಡಿದರೆ ಬಾಗಿಲ ಬಳಿ ಬೂಟುಗಳ ರಾಶಿ. ದೊಡ್ಡ ಕಿವಿಯವನು ಮೊದಲ ಸಾಲಿನಲ್ಲೇ. ವೇದೀಸ್ ಆ ತುದಿಯಿಂದ ನನ್ನನ್ನು ಹುಡುಕುತ್ತಿದ್ದಾಳೆ, ಕೈ ಮಾಡುತ್ತಿದ್ದಾಳೆ. ಕುರ್ಚಿ ಸಾಲದಂತೆ. ಪಕ್ಕದ ಚರ್ಚಿನಿಂದ ಬೆಂಚು ಹೊತ್ತು ತರೋಣ, ನೀನು ಆ ಕಡೆ ಹಿಡಿ, ನಾನು ಈ ಕಡೆ ಎಂದು ಕರೆಯುತ್ತಿದ್ದಾಳೆ. ಹೊರಟೆ.